ಬೆರಳಿಗೆ ಒಗ್ಗಿದ ಎಡಿಟರ್

ಆಫೀಸಿನಲ್ಲಿ ಪಕ್ಕದ ಗೆಳೆಯ ಕರೆಯುತ್ತಾನೆ. ಅವನ ಕೋಡ್‌ನಲ್ಲಿ ಏನೋ ಎಡವಟ್ಟಾಗಿದೆ, ಸಿಕ್ಕುತ್ತಿಲ್ಲ. ಅವನ ಕುರ್ಚಿಯಲ್ಲಿ ಕೂತು ಕೀಬೋರ್ಡ್ ಹತ್ತಿರ ಎಳೆದುಕೊಳ್ಳುತ್ತೇನೆ. ತಪ್ಪು ಯಾವ ಸಾಲಿನಲ್ಲಿದೆ ಅಂತ ಕಣ್ಣಿಗೆ ಕಾಣುತ್ತಿದೆ. ಆದರೆ ಅಲ್ಲಿಗೆ ಹೋಗಿ ತಿದ್ದಲು ಕೈ ಬರುತ್ತಿಲ್ಲ. ನಾನು ಒತ್ತಿದ್ದು ಒಂದು, ಪರದೆಯ ಮೇಲೆ ಆಗಿದ್ದು ಇನ್ನೊಂದು. ಅವನು ಬಳಸುವುದು ವಿಮ್, ನನ್ನದು ವಿಎಸ್ ಕೋಡ್. ಎರಡೂ ಕೋಡ್ ಬರೆದು ತಿದ್ದುವ ತಂತ್ರಾಂಶಗಳು, ಅಂದರೆ ಎಡಿಟರ್‌ಗಳು. ಬರೆಯುವ ಭಾಷೆ ಅದೇ ಪೈಥಾನ್, ಫೈಲ್ ಅದೇ, ತಲೆಯಲ್ಲಿರುವ ಪರಿಹಾರವೂ ಅದೇ. ಬೆರಳುಗಳು ಮಾತ್ರ ಬೇರೆ ಊರಿನವು.

ಚಿಕ್ಕಂದಿನಲ್ಲಿ ಮನೆಯಲ್ಲಿ ಇಂಥದ್ದೇ ಒಂದನ್ನು ನೋಡಿದ್ದೆ. ಅಜ್ಜಿ ಈಳಿಗೆಮಣೆ ಮೇಲೆ ಕಾಲು ಮಡಚಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಅಮ್ಮನಿಗೆ ಚಾಕು, ಕಟ್ಟೆಯ ಮೇಲೊಂದು ಹಲಗೆ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಓಡಾಡುತ್ತದೆ. ಚಾಕು ಹಿಡಿದರೆ ತರಕಾರಿ ನಿಂತಿರುತ್ತದೆ, ಅಲಗು ಓಡಾಡುತ್ತದೆ. ಒಬ್ಬರದ್ದು ಇನ್ನೊಬ್ಬರ ಕೈಗೆ ಕೊಟ್ಟರೆ ಅವತ್ತು ಪಲ್ಯ ತಡ. ಇಬ್ಬರಲ್ಲಿ ಯಾರು ಜಾಣರು ಅಂತ ಯಾರೂ ಕೇಳಲಿಲ್ಲ.

ಕೋಡ್ ಎಡಿಟರ್ ವಿಷಯ ಬಂದಾಗ ಮಾತ್ರ ನಾವು ಅದನ್ನೇ ಕೇಳುತ್ತೇವೆ. ವಿಮ್ ಬಳಸಿದರೆ ನಿಜವಾದ ಪ್ರೋಗ್ರಾಮರ್, ಮೌಸ್ ಹಿಡಿದರೆ ಇನ್ನೂ ಕಲಿಯುವವರು ಅನ್ನುವ ಮಾತನ್ನು ಕಾಲೇಜಿನಲ್ಲೂ ಕೇಳಿದ್ದೇನೆ, ಕೆಲಸದ ಸಂದರ್ಶನದಲ್ಲೂ ಕೇಳಿದ್ದೇನೆ. ತಾವೇ ಕೋಡ್ ಬರೆದುಕೊಡುವ ಎಐ ಎಡಿಟರ್‌ಗಳು ಬಂದ ಮೇಲೆ ಈ ಮಾತು ಹೊಸ ವೇಷ ಹಾಕಿದೆ: "ಇನ್ನೂ ಹಳೆಯದರಲ್ಲೇ ಇದ್ದೀರಾ?" ಇಡೀ ತಂಡಕ್ಕೆ ಇಂಥದ್ದೇ ಎಡಿಟರ್ ಅಂತ ಗೊತ್ತುಮಾಡುವ ಕಂಪನಿಗಳೂ ಇವೆ. ಹಾಗಾಗಿ ಈ ಆಯ್ಕೆ ಎಲ್ಲಿಂದ ಹುಟ್ಟುತ್ತದೆ ಅಂತ ಕೂತು ನೋಡಬೇಕು ಅನಿಸಿತು. ನಾವು ಮೊದಲು ಕಲಿತ ಯಂತ್ರ, ಮಾಡುವ ಕೆಲಸ, ನಮ್ಮ ಮೈ, ನಮ್ಮ ಭಾಷೆ ಇವೆಲ್ಲ ಸೇರಿ ಎಡಿಟರನ್ನು ಆರಿಸಿಕೊಡುತ್ತವೆ ಅನ್ನುವುದು ನನ್ನ ಅನುಭವ. ರುಚಿ, ಜಾಣತನ ಎಲ್ಲ ಆಮೇಲಿನ ಮಾತು.

1976ಕ್ಕೆ ಹೋಗೋಣ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ವಿಐ ಎಂಬ ಎಡಿಟರ್ ಬರೆದರು. ಮನೆಯಿಂದ ಕೆಲಸ ಮಾಡಲು ಅವರ ಬಳಿ ಇದ್ದದ್ದು ಫೋನ್ ತಂತಿಯ ಮೂಲಕ ಕಂಪ್ಯೂಟರ್‌ಗೆ ಜೋಡಿಸುವ, 300 ಬಾಡ್ ವೇಗದ ಮೋಡೆಮ್. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920. ಪರದೆ ಒಮ್ಮೆ ಪೂರ್ತಿ ತುಂಬಬೇಕಾದರೆ ಒಂದು ನಿಮಿಷ ದಾಟುತ್ತಿತ್ತು. ಇಂಥ ಕಡೆ ಒಂದೊಂದು ಅಕ್ಷರಕ್ಕೂ ಬೆಲೆ. ಅದಕ್ಕೇ ವಿಐನ ಆಜ್ಞೆಗಳು ಒಂದಕ್ಷರ, ಎರಡಕ್ಷರದವು. ಪರದೆಯನ್ನು ಸುಮ್ನೆ ಮತ್ತೆ ಮತ್ತೆ ಬಿಡಿಸುವ ಹಾಗಿರಲಿಲ್ಲ.

ಅವರು ಬಳಸಿದ ಟರ್ಮಿನಲ್ಲಿನ, ಅಂದರೆ ದೂರದ ಕಂಪ್ಯೂಟರ್‌ಗೆ ಜೋಡಿಸಿದ ಪರದೆ-ಕೀಬೋರ್ಡಿನ, ಹೆಸರು ಎಡಿಎಂ-3ಎ. ಅದರಲ್ಲಿ ಬಾಣದ ಕೀಲಿಗಳು ಬೇರೆ ಇರಲಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಎಡ, ಕೆಳಗೆ, ಮೇಲೆ, ಬಲ ಅಂತ ಬಾಣ ಅಚ್ಚಾಗಿತ್ತು. ಎಸ್ಕೇಪ್ ಕೀಲಿ ಇವತ್ತು ಟ್ಯಾಬ್ ಇರುವ ಜಾಗದಲ್ಲಿತ್ತು, ಕಿರುಬೆರಳಿಗೆ ಸಲೀಸು. ಈಗ ಅದು ಮೂಲೆ ಸೇರಿದೆ. ಆದರೂ ಅರ್ಧ ಶತಮಾನ ಕಳೆದ ಮೇಲೆ ಬೆಂಗಳೂರಿನ ಹುಡುಗಿಯೊಬ್ಬಳು ಕೆಳಗಿನ ಸಾಲಿಗೆ ಇಳಿಯಲು ಜೆ ಒತ್ತುತ್ತಾಳೆ. ಆ ಟರ್ಮಿನಲನ್ನು ಅವಳು ಫೋಟೋದಲ್ಲೂ ನೋಡಿರಲಿಕ್ಕಿಲ್ಲ. ಅದರ ಕೀಲಿಗಳ ಜೋಡಣೆ ಮಾತ್ರ ಅವಳ ಬೆರಳಿನಲ್ಲಿದೆ.

ಅದೇ 1976ರಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ರಿಚರ್ಡ್ ಸ್ಟಾಲ್ಮನ್ ಮತ್ತು ಗೈ ಸ್ಟೀಲ್ ಈಮ್ಯಾಕ್ಸ್ ಎಂಬ ಎಡಿಟರ್ ಶುರುಮಾಡಿದರು. ಅಲ್ಲಿನ ಕೀಬೋರ್ಡ್‌ಗಳಲ್ಲಿ ಕಂಟ್ರೋಲ್ ಮತ್ತು ಮೆಟಾ ಎಂಬ ಕೀಲಿಗಳು ಸ್ಪೇಸ್‌ಬಾರ್ ಪಕ್ಕದಲ್ಲೇ ಇದ್ದವು. ಹೆಬ್ಬೆರಳಿನಿಂದ ಅದನ್ನು ಹಿಡಿದು ಇನ್ನೊಂದು ಕೀಲಿ ಒತ್ತುವುದು ಕಷ್ಟವೇ ಅಲ್ಲ. ಈಮ್ಯಾಕ್ಸ್‌ನ ಆಜ್ಞೆಗಳೆಲ್ಲ ಆ ಜೋಡಿ ಒತ್ತುಗಳ ಮೇಲೇ ನಿಂತವು. ಆಮೇಲೆ ಬಂದ ಪಿಸಿ ಕೀಬೋರ್ಡ್‌ಗಳು ಕಂಟ್ರೋಲ್ ಕೀಲಿಯನ್ನು ಮೂಲೆಗೆ ತಳ್ಳಿದವು. ಭಾರವೆಲ್ಲ ಕಿರುಬೆರಳಿನ ಮೇಲೆ ಬಿತ್ತು. ಇವತ್ತಿಗೂ ಎಷ್ಟೋ ಈಮ್ಯಾಕ್ಸ್ ಬಳಕೆದಾರರು ಕ್ಯಾಪ್ಸ್ ಲಾಕ್ ಕೀಲಿಯನ್ನೇ ಕಂಟ್ರೋಲ್ ಮಾಡಿಕೊಂಡಿರುತ್ತಾರೆ. ಹಾಗಿದ್ದರೂ ಅವರು ಅದನ್ನು ಬಿಡದಿರಲು ಕಾರಣವಿದೆ. 1985ರಲ್ಲಿ ಬಂದ ಗ್ನೂ ಈಮ್ಯಾಕ್ಸ್‌ನ ಬಹುಪಾಲು ಲಿಸ್ಪ್ ಭಾಷೆಯಲ್ಲಿದೆ. ಎಡಿಟರ್ ಓಡುತ್ತಿರುವಾಗಲೇ ಅದರ ಒಳಗನ್ನು ತಿದ್ದಬಹುದು. ಮನೆಯಲ್ಲಿ ವಾಸವಿದ್ದುಕೊಂಡೇ ಗೋಡೆ ಸರಿಸಿ ಇನ್ನೊಂದು ಕೋಣೆ ಮಾಡಿಕೊಂಡ ಹಾಗೆ.

ವಿಐನ ವಾರಸುದಾರ ವಿಮ್. ಅದನ್ನು ಬ್ರಾಮ್ ಮೊಲೆನಾರ್ 1991ರಲ್ಲಿ ಹೊರತಂದರು. ಬಳಸದವರಿಗೆ ಅದರ ಆಕರ್ಷಣೆ ಹೇಗೆ ಹೇಳುವುದು? ನೀವು ವಿಮ್ ತೆರೆದಾಗ ಕೀಲಿ ಒತ್ತಿದರೆ ಅಕ್ಷರ ಮೂಡುವುದಿಲ್ಲ. ಪ್ರತಿ ಕೀಲಿಯೂ ಒಂದು ಆಜ್ಞೆ. ಬರೆಯುವ ಸ್ಥಿತಿಗೆ ಬೇಕೆಂದೇ ಹೋಗಬೇಕು, ಬರೆದಾದ ಮೇಲೆ ಎಸ್ಕೇಪ್ ಒತ್ತಿ ಹೊರಬರಬೇಕು. ಮೊದಲ ವಾರ ಇದು ಹಿಂಸೆ. ಆಮೇಲೆ ನಿಧಾನಕ್ಕೆ ಅದೊಂದು ಪುಟ್ಟ ಭಾಷೆ ಅಂತ ಗೊತ್ತಾಗುತ್ತದೆ. ಡಿ ಅಂದರೆ ಅಳಿಸು, ಸಿ ಅಂದರೆ ಬದಲಿಸು: ಇವು ಕ್ರಿಯಾಪದಗಳು. ಡಬ್ಲ್ಯು ಅಂದರೆ ಪದ, ಪಿ ಅಂದರೆ ಪ್ಯಾರಾ: ಇವು ನಾಮಪದಗಳು. ಐ ಸೇರಿಸಿದರೆ 'ಒಳಗಿನ' ಎಂದು ಅರ್ಥ. ಸಿ, ಐ, ಉದ್ಧರಣ ಚಿಹ್ನೆ ಅಂತ ಮೂರು ಕೀಲಿ ಒತ್ತಿದರೆ ಉದ್ಧರಣದ ಒಳಗಿರುವುದೆಲ್ಲ ಅಳಿಸಿ ಹೊಸದು ಬರೆಯಲು ಜಾಗ ಸಿದ್ಧ. ಮುಂದಿನ ಕಡೆಗೆ ಹೋಗಿ ಒಂದು ಚುಕ್ಕಿ ಒತ್ತಿದರೆ ಅದೇ ಬದಲಾವಣೆ ಅಲ್ಲೂ ಆಗುತ್ತದೆ. ಕೀಲಿಗಳನ್ನು ನೆನಪಿಡುವ ಕೆಲಸ ನಿಂತು ವಾಕ್ಯ ಕಟ್ಟುವ ಕೆಲಸ ಶುರುವಾಗುತ್ತದೆ. ಆ ಹಂತಕ್ಕೆ ಹೋದವರು ಹಿಂದೆ ಬರುವುದು ಕಡಿಮೆ. ಹೋಗದವರಿಗೆ ಅದು ಬಾಗಿಲೇ ಕಾಣದ ಮನೆ. ವಿಮ್‌ನಿಂದ ಹೊರಬರುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು 10 ಲಕ್ಷಕ್ಕೂ ಹೆಚ್ಚು ಬಾರಿ ಜನ ತೆರೆದು ನೋಡಿದ್ದಾರೆ ಅಂತ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2017ರಲ್ಲೇ ಹೇಳಿತ್ತು.

ನಮ್ಮ ಕಡೆಯ ಕಥೆ ಬೇರೆ. ಇಲ್ಲಿ ಎಷ್ಟೋ ಜನಕ್ಕೆ ಮೊದಲ ಎಡಿಟರ್ ಅಂದರೆ ಟರ್ಬೊ ಸಿಯ ನೀಲಿ ಪರದೆ. ಬೋರ್ಲ್ಯಾಂಡ್ ಕಂಪನಿ 1983ರಲ್ಲಿ ಟರ್ಬೊ ಪ್ಯಾಸ್ಕಲ್ ಅನ್ನು 49.95 ಡಾಲರ್‌ಗೆ ಮಾರಿತು. ಬರೆಯುವ ಜಾಗ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎರಡೂ ಒಂದೇ ಕಡೆ ಸಿಕ್ಕಿದ್ದು ಆಗ ದೊಡ್ಡ ವಿಷಯ. ಅದೇ ಸಾಲಿನಲ್ಲಿ 1987ರಲ್ಲಿ ಟರ್ಬೊ ಸಿ ಬಂತು. ಕಂಪನಿ ಅದನ್ನು ಬಿಟ್ಟ ಎಷ್ಟೋ ವರ್ಷಗಳ ನಂತರವೂ ನಮ್ಮ ಕಾಲೇಜು ಲ್ಯಾಬ್‌ಗಳಲ್ಲಿ ಅದು ಓಡುತ್ತಲೇ ಇತ್ತು. ಹೊಸ ವಿಂಡೋಸ್‌ನಲ್ಲಿ ನೇರವಾಗಿ ಓಡದಿದ್ದಾಗ, ಹಳೆಯ ಡಾಸ್ ಯಂತ್ರದ ಹಾಗೆ ನಟಿಸುವ ಡಾಸ್‌ಬಾಕ್ಸ್ ಒಳಗೆ ಕೂರಿಸಿ ಓಡಿಸಿದರು. ಆಲ್ಟ್ ಎಫ್9 ಒತ್ತಿದರೆ ಕಂಪೈಲ್, ಕಂಟ್ರೋಲ್ ಎಫ್9 ಒತ್ತಿದರೆ ರನ್, ಆಲ್ಟ್ ಎಫ್5 ಒತ್ತಿದರೆ ಉತ್ತರದ ಕಪ್ಪು ಪರದೆ. ಇದನ್ನು ಓದುವಾಗ ನಿಮ್ಮ ಬೆರಳು ತಾನಾಗಿ ಅಲುಗಾಡಿದರೆ ನೀವು ಆ ಲ್ಯಾಬ್‌ನಲ್ಲಿ ಕೂತವರು.

ಅದರಿಂದ ನಷ್ಟವೂ ಆಯಿತು. ಸಿ ಪ್ಲಸ್ ಪ್ಲಸ್ ಭಾಷೆಗೆ ಮೊದಲ ಅಧಿಕೃತ ಮಾನಕ ಬಂದದ್ದು 1998ರಲ್ಲಿ. ಟರ್ಬೊ ಸಿ ಪ್ಲಸ್ ಪ್ಲಸ್ ಅದಕ್ಕಿಂತ ಹಳೆಯದು. ಅದರಲ್ಲಿ ಕಲಿತ ಕೋಡ್ ಇವತ್ತಿನ ಕಂಪೈಲರ್‌ಗೆ ಕೊಟ್ಟರೆ ಮೊದಲ ಸಾಲಿನಲ್ಲೇ ತಕರಾರು ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಎಷ್ಟೋ ಮಕ್ಕಳು ತಮಗೆ ಏನೂ ಬರುವುದಿಲ್ಲ ಅಂತ ಅಂದುಕೊಂಡಿದ್ದನ್ನು ನೋಡಿದ್ದೇನೆ. ಅವರಿಗೆ ಬರುತ್ತಿತ್ತು. ಪರದೆ ಮಾತ್ರ ಬದಲಾಗಿತ್ತು. ಇನ್ನೊಂದು ಕಡೆ, ವಿಟಿಯು ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ, ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ವಿಷಯದಲ್ಲಿ, ವಿಐ ಒಂದು ಪಾಠವಾಗಿತ್ತು. ಅದರ ಮೂರು ಮೋಡ್‌ಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ, ಕೈಯಲ್ಲಿ ಹತ್ತು ನಿಮಿಷವೂ ಬಳಸದೆ ಪಾಸಾದವರು ಬೇಕಾದಷ್ಟು. ಈಜನ್ನು ಪುಸ್ತಕದಲ್ಲಿ ಓದಿದ ಹಾಗೆ ಅದು. ಎಡಿಟರ್ ತಲೆಗೆ ಹತ್ತುವ ವಿದ್ಯೆಯೇ ಅಲ್ಲ, ಕೈಗೆ ಹತ್ತಬೇಕು.

ಇನ್ನು ಕೆಲಸ. ಸರ್ವರ್ ನೋಡಿಕೊಳ್ಳುವವರಿಗೆ ವಿಐ ಗೊತ್ತಿರುವುದು ಸಹಜ. ಯುನಿಕ್ಸ್ ಮಾದರಿ ವ್ಯವಸ್ಥೆಗಳಿಗೆ ಇರುವ ಪಾಸಿಕ್ಸ್ ಮಾನಕದಲ್ಲೇ ಅದು ಸೇರಿದೆ. ಯಾವ ಯಂತ್ರಕ್ಕೆ ಲಾಗಿನ್ ಆದರೂ ಅದೋ ಅದರ ತಮ್ಮನೋ ಅಲ್ಲಿರುತ್ತದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ನಿಮ್ಮ ಇಷ್ಟದ ಎಡಿಟರ್ ಹಾಕಿಕೊಳ್ಳುತ್ತಾ ಕೂರಲು ಆಗುವುದಿಲ್ಲ. ಅದಕ್ಕಿಂತ ಸೋಜಿಗದ ಸಂಗತಿ ಒಂದಿದೆ. ಬೆಂಗಳೂರಿನಿಂದ ಅಮೆರಿಕದ ಸರ್ವರ್‌ಗೆ ಸಂಕೇತ ಹೋಗಿ ಬರಲು ಸುಮಾರು ಕಾಲು ಸೆಕೆಂಡ್ ಬೇಕು. ಒತ್ತಿದ ಕೀಲಿ ಕಣ್ಣಿಗೆ ಕಾಣಲು ಪ್ರತಿ ಸಲ ಅಷ್ಟು ಕಾಯಬೇಕು. ಕಡಿಮೆ ಒತ್ತಿ ಜಾಸ್ತಿ ಮಾಡಿಸುವ ಎಡಿಟರ್ ಇಲ್ಲಿ ಮತ್ತೆ ಅರ್ಥ ಪಡೆಯುತ್ತದೆ. ಬಿಲ್ ಜಾಯ್ ಅವರ ಮೋಡೆಮ್ ಹೋಯಿತು, ಆದರೆ ಅವರ ತೊಂದರೆ ಕ್ಲೈಂಟ್‌ನ ಸರ್ವರ್‌ನಲ್ಲಿ ಕೆಲಸ ಮಾಡುವ ನಮ್ಮ ಹುಡುಗರ ಪಾಲಿಗೆ ಉಳಿದುಕೊಂಡಿದೆ.

ಜಾವಾ ಬರೆಯುವವರ ಲೋಕ ಇನ್ನೊಂದು. ಸಾವಿರಾರು ಫೈಲ್‌ಗಳ ಪ್ರಾಜೆಕ್ಟ್‌ನಲ್ಲಿ ಒಂದು ಕ್ಲಾಸ್‌ನ ಹೆಸರು ಬದಲಿಸಿದರೆ ಎಲ್ಲ ಕಡೆ ಸರಿಯಾಗಿ ಬದಲಾಗಬೇಕು. ಅದಕ್ಕೆ ಎಡಿಟರ್ ಇಡೀ ಪ್ರಾಜೆಕ್ಟ್ ಓದಿ ಅರ್ಥ ಮಾಡಿಕೊಂಡಿರಬೇಕು. ಎಕ್ಲಿಪ್ಸ್, ಇಂಟೆಲಿಜೆ ಎಂಬ ಎಡಿಟರ್‌ಗಳು ಎರಡೂ 2001ರಲ್ಲಿ ಬಂದು ಈ ಕೆಲಸವನ್ನು ಸಾಮಾನ್ಯ ಪ್ರೋಗ್ರಾಮರ್ ಕೈಗೆ ಕೊಟ್ಟವು. ಅವು ಭಾರ, ಮೆಮೊರಿ ತಿನ್ನುತ್ತವೆ ಅಂತ ದೂರುವವರು ಆ ಭಾರ ಯಾಕೆ ಅಂತಲೂ ನೋಡಬೇಕು. ಕೆಲವು ಕಡೆ ಆಯ್ಕೆಯೇ ಇರುವುದಿಲ್ಲ. 2013ರಲ್ಲಿ ಗೂಗಲ್ ಆಂಡ್ರಾಯ್ಡ್ ಆ್ಯಪ್ ಬರೆಯಲು ಆಂಡ್ರಾಯ್ಡ್ ಸ್ಟುಡಿಯೋ ಪ್ರಕಟಿಸಿತು. ಅದು ನಿಂತಿದ್ದು ಇಂಟೆಲಿಜೆ ಮೇಲೆ. ಎರಡೇ ವರ್ಷದಲ್ಲಿ, ಅದೇ ಕೆಲಸಕ್ಕೆ ಎಕ್ಲಿಪ್ಸ್‌ಗೆ ಸೇರಿಸಿಕೊಳ್ಳುತ್ತಿದ್ದ ಪೂರಕ ತಂತ್ರಾಂಶಕ್ಕೆ, ಅಂದರೆ ಪ್ಲಗಿನ್‌ಗೆ, ಗೂಗಲ್ ಬೆಂಬಲ ನಿಲ್ಲಿಸಿತು. ಆಂಡ್ರಾಯ್ಡ್ ಆ್ಯಪ್ ಮಾಡುವ ಇಡೀ ಕಸುಬು ಮನೆ ಬದಲಿಸಿತು.

ಮೈಯ ಮಾತಿಗೆ ಬರುತ್ತೇನೆ. ಟಿ.ವಿ. ರಾಮನ್ ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡುವ ಕಂಪ್ಯೂಟರ್ ವಿಜ್ಞಾನಿ. ಅವರಿಗೆ ಕಣ್ಣು ಕಾಣುವುದಿಲ್ಲ. 1990ರ ದಶಕದಲ್ಲಿ ಅವರು ಈಮ್ಯಾಕ್ಸ್‌ಪೀಕ್ ಬರೆದರು. ಸಾಮಾನ್ಯ ಸ್ಕ್ರೀನ್ ರೀಡರ್ ಪರದೆಯಲ್ಲಿ ಇರುವುದನ್ನು ಹೊರಗಿನಿಂದ ಓದುತ್ತದೆ. ಈಮ್ಯಾಕ್ಸ್‌ಪೀಕ್ ಎಡಿಟರ್‌ನ ಒಳಗೇ ಇರುತ್ತದೆ. ಇದು ಕಾಮೆಂಟ್, ಇದು ಫಂಕ್ಷನ್ ಹೆಸರು ಅನ್ನುವುದು ಅದಕ್ಕೆ ಗೊತ್ತು, ಬೇರೆ ಬೇರೆ ದನಿಯಲ್ಲಿ ಹೇಳುತ್ತದೆ. ಲಿಸ್ಪ್‌ನಿಂದ ಒಳಗಿನ ಗೋಡೆ ಸರಿಸಬಹುದು ಅಂದೆನಲ್ಲ, ಅದರಿಂದಲೇ ಇದು ಸಾಧ್ಯವಾಯಿತು. ಕಣ್ಣು ಕಾಣದ ಎಷ್ಟೋ ಪ್ರೋಗ್ರಾಮರ್‌ಗಳು ಈಗ ವಿಎಸ್ ಕೋಡ್ ಜೊತೆ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬಳಸುತ್ತಾರೆ. ಇಂಥವರಿಗೆ "ಎಲ್ಲರೂ ಬಳಸುವುದನ್ನೇ ಬಳಸಿ" ಅನ್ನುವುದು ಅನ್ಯಾಯ. ಮಣಿಕಟ್ಟು ನೋವಿರುವವರಿಗೂ ಅದೇ ಮಾತು.

ಭಾಷೆಯ ವಿಷಯ ನಮಗೆ ನೇರವಾಗಿ ತಾಗುತ್ತದೆ, ಆದರೆ ಎಡಿಟರ್ ಚರ್ಚೆಗಳಲ್ಲಿ ಬರುವುದೇ ಅಪರೂಪ. ಕೋಡ್ ಇಂಗ್ಲಿಷಿನಲ್ಲಿ ಇದ್ದರೂ ಕನ್ನಡ ಜಾಲತಾಣ ಕಟ್ಟುವವರು, ತಂತ್ರಾಂಶವನ್ನು ಕನ್ನಡಕ್ಕೆ ತರುವವರು, ಕನ್ನಡ ಪಠ್ಯವನ್ನು ಯಂತ್ರಕ್ಕೆ ಉಣಿಸುವವರು ದಿನವೂ ಎಡಿಟರ್ ಒಳಗೆ ಕನ್ನಡ ತೆರೆಯುತ್ತಾರೆ. ಅಕ್ಷರಗಳನ್ನಷ್ಟೇ ತೋರಿಸುವ ಇವತ್ತಿನ ಟರ್ಮಿನಲ್ ಕಿಟಕಿ ಅಂದರೆ ಗಣಿತದ ಚೌಕುಳಿ ಪುಸ್ತಕ ಇದ್ದ ಹಾಗೆ, ಅಕ್ಷರಕ್ಕೊಂದು ಮನೆ. ನಮ್ಮ ಲಿಪಿ ಆ ಮನೆಯಲ್ಲಿ ಕೂರುವುದಿಲ್ಲ. 'ಸ್ತ್ರೀ' ನೋಡಿ. ಕಣ್ಣಿಗೆ ಒಂದೇ ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಆರು ಸಂಕೇತ: ಸ, ಹಲಂತ, ತ, ಹಲಂತ, ರ, ಈಕಾರ. ಯುಟಿಎಫ್-8 ಎಂಬ ರೂಪದಲ್ಲಿ ಫೈಲ್‌ನಲ್ಲಿ ಉಳಿಸಿದರೆ 18 ಬೈಟ್. ಕರ್ಸರ್ ಒಮ್ಮೆ ಸರಿಸಿದರೆ ಎಷ್ಟು ಮುಂದೆ ಹೋಗಬೇಕು? ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ಎಷ್ಟು ಅಳಿಸಬೇಕು? ಒಂದೊಂದು ಎಡಿಟರ್ ಒಂದೊಂದು ಉತ್ತರ ಕೊಡುತ್ತದೆ. 'ಕರ್ನಾಟಕ' ಇನ್ನೂ ಕಷ್ಟ. ಅದರ ಅರ್ಕಾವೊತ್ತು ಫೈಲ್‌ನಲ್ಲಿ 'ನಾ'ಗಿಂತ ಮೊದಲು ಇರುತ್ತದೆ, ಪರದೆಯ ಮೇಲೆ ಅದರ ಬಲಕ್ಕೆ ಬರಬೇಕು. ಎಷ್ಟೋ ಟರ್ಮಿನಲ್‌ಗಳಲ್ಲಿ ನಮ್ಮ ನಾಡಿನ ಹೆಸರೇ ಚೂರಾಗಿ ಕಾಣುತ್ತದೆ.

ಹಾಗಾಗಿ ದಿನವಿಡೀ ಟರ್ಮಿನಲ್‌ನ ವಿಮ್‌ನಲ್ಲಿರುವ ಗೆಳೆಯನೂ ಕನ್ನಡ ಫೈಲ್ ಬಂದರೆ ಬೇರೆ ಎಡಿಟರ್ ತೆರೆಯುತ್ತಾನೆ. ವಿಎಸ್ ಕೋಡ್ ಒಳಗಿರುವುದು ಕ್ರೋಮ್ ಬ್ರೌಸರ್‌ನ ತಳಹದಿ, ಆದ್ದರಿಂದ ಬ್ರೌಸರ್‌ನಲ್ಲಿ ಕಾಣುವಂತೆಯೇ ಕನ್ನಡ ಕಾಣುತ್ತದೆ. ಈಮ್ಯಾಕ್ಸ್ ಕೂಡ 2020ರ 27ನೇ ಆವೃತ್ತಿಯಿಂದ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸುತ್ತಿದೆ. ಒತ್ತುಗಳು ಸರಿಯಾಗಿ ಕೂರುತ್ತವೆ.

ಟೈಪ್ ಮಾಡುವಾಗ ಬರುವ ತೊಡಕು ಇನ್ನೊಂದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಜೆ ಒತ್ತಿದರೆ ಜ, ಕೆ ಒತ್ತಿದರೆ ಕ. ಕನ್ನಡ ಆನ್ ಇಟ್ಟುಕೊಂಡು ವಿಮ್‌ನಲ್ಲಿ ಕೆಳಗಿಳಿಯಲು ಜೆ ಒತ್ತಿದರೆ ಅದಕ್ಕೆ ತಲುಪುವುದು 'ಜ'. ಅದು ಯಾವ ಆಜ್ಞೆಯೂ ಅಲ್ಲ. ಪ್ರತಿ ಸಲ ಕನ್ನಡ ಆಫ್ ಮಾಡಿ, ಸರಿದು, ಮತ್ತೆ ಆನ್ ಮಾಡಬೇಕು. ಬರೆಯುವ ಸ್ಥಿತಿಯಲ್ಲಿ ಮಾತ್ರ ಬೇರೆ ಕೀಲಿ ನಕ್ಷೆ ಬಳಸುವ ಸೌಲಭ್ಯ ವಿಮ್‌ನಲ್ಲೇ ಇದೆ, ಆದರೆ ಅದು ಗೊತ್ತಿರುವವರು ಕಡಿಮೆ. ಈಮ್ಯಾಕ್ಸ್ ಇಲ್ಲಿ ಮುಂದಿದೆ. ಕನ್ನಡ ಟೈಪಿಸುವ ಪದ್ಧತಿಗಳು ಅದರ ಒಳಗೇ ಬಂದಿವೆ, ಕಂಟ್ರೋಲ್ ಹಿಡಿದ ಆಜ್ಞೆಗಳಿಗೆ ಅವು ಅಡ್ಡ ಬರುವುದಿಲ್ಲ. ಜಗತ್ತಿನ ಭಾಷೆಗಳಲ್ಲಿ ನಮಸ್ಕಾರ ಹೇಳುವ ಒಂದು ಪುಟವೂ ಅದರಲ್ಲಿದೆ. ಅಲ್ಲಿ 'ಕನ್ನಡ, ನಮಸ್ಕಾರ' ಅಂತ ಮೊದಲ ಸಲ ನೋಡಿದಾಗ ಆದ ಖುಷಿ ಇನ್ನೂ ನೆನಪಿದೆ. ಯಾರೋ ದೂರದವರು ನಮ್ಮನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದರು.

ಇಷ್ಟೆಲ್ಲ ವ್ಯತ್ಯಾಸ ಇದ್ದರೂ ಜನ ಈಗ ಒಂದೇ ಕಡೆ ಸೇರುತ್ತಿರುವುದು ಯಾಕೆ? ಸ್ಟ್ಯಾಕ್ ಓವರ್‌ಫ್ಲೋದ 2015ರ ಸಮೀಕ್ಷೆಯಲ್ಲಿ ಮೊದಲ ಸ್ಥಾನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಇತ್ತು. ವಿಎಸ್ ಕೋಡ್ ಆ ವರ್ಷದ ಏಪ್ರಿಲ್‌ನಲ್ಲಷ್ಟೇ ಹೊರಬಂತು. 2018ರಲ್ಲಿ ಸುಮಾರು ಶೇ. 35ರೊಂದಿಗೆ ಅದು ಮೊದಲ ಸ್ಥಾನಕ್ಕೆ ಬಂತು, 2023ರಲ್ಲಿ ಶೇ. 73 ದಾಟಿತು. ಒಬ್ಬರೇ ಹಲವು ಎಡಿಟರ್ ಹೆಸರಿಸಬಹುದಾದ ಸಮೀಕ್ಷೆ ಇದು. ಅದರಲ್ಲೇ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ವಿಮ್ ಕೂಡ ಹೇಳಿದ್ದಾರೆ. ಎರಡನ್ನೂ ಬಳಸುವವರು ಇದ್ದಾರೆ ಅನ್ನುವುದನ್ನು ಮರೆಯಬಾರದು.

ಉಚಿತ, ಎಲ್ಲ ಯಂತ್ರಗಳಲ್ಲೂ ಒಂದೇ ಥರ, ಬೇಕಾದ ಎಕ್ಸ್‌ಟೆನ್ಷನ್ (ಪ್ಲಗಿನ್ ಥರದ್ದೇ) ಸಿಗುತ್ತದೆ: ಈ ಕಾರಣಗಳು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಮುಖ್ಯ ಅನಿಸುವುದು 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಕಂಪನಿಗಳು ಸೇರಿ ಪ್ರಕಟಿಸಿದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್. ಅದಕ್ಕೂ ಮೊದಲು 20 ಎಡಿಟರ್, 30 ಭಾಷೆ ಇದ್ದರೆ ಒಂದೊಂದು ಜೋಡಿಗೂ ಪ್ಲಗಿನ್ ಬರೆಯಬೇಕಿತ್ತು, ಅಂದರೆ 600. ಈಗ ಭಾಷೆಯ ಜಾಣ್ಮೆ ಒಂದು ಸರ್ವರ್‌ನಲ್ಲಿ ಇರುತ್ತದೆ, ಎಡಿಟರ್ ಅದರ ಜೊತೆ ಮಾತಾಡಲು ಕಲಿತರೆ ಸಾಕು. 30 ಸರ್ವರ್, 20 ಎಡಿಟರ್, ಒಟ್ಟು 50 ಕೆಲಸ. ಇದು ವಿಎಸ್ ಕೋಡ್‌ಗಾಗಿ ಹುಟ್ಟಿದ್ದು ನಿಜ. ಆದರೆ ವಿಮ್‌ನಿಂದ ಕವಲೊಡೆದ ನಿಯೋವಿಮ್, ಈಮ್ಯಾಕ್ಸ್‌ಗೂ ಇದರಿಂದ ಹೊಸ ಜೀವ ಬಂತು. ಹಳೆಯ ಎಡಿಟರ್‌ನಲ್ಲೇ ಕೂತು ಹೊಸ ಎಡಿಟರ್‌ನ ತಿಳಿವಳಿಕೆ ಪಡೆಯುವುದು ಸಾಧ್ಯವಾಯಿತು. ಎಡಿಟರ್ ಜಗಳದ ಅರ್ಧ ಕಾರಣ ಅಲ್ಲಿಗೆ ತೀರಿತು.

ಉಳಿದಿರುವುದು ಯಜಮಾನಿಕೆಯ ಪ್ರಶ್ನೆ. ವಿಎಸ್ ಕೋಡ್‌ನ ಮೂಲ ಕೋಡ್ ಮುಕ್ತ. ನಾವು ಇಳಿಸಿಕೊಳ್ಳುವ ಪ್ಯಾಕೇಜ್‌ಗೆ ಮಾತ್ರ ಮೈಕ್ರೋಸಾಫ್ಟ್‌ನ ಬೇರೆ ಪರವಾನಗಿ. ಮೈಕ್ರೋಸಾಫ್ಟ್ ಮಾಡಿದ ಕೆಲವು ಮುಖ್ಯ ಎಕ್ಸ್‌ಟೆನ್ಷನ್‌ಗಳನ್ನು ಅದರ ಸ್ವಂತ ಎಡಿಟರ್‌ಗಳಲ್ಲಿ ಮಾತ್ರ ಬಳಸಬಹುದು ಅಂತ ಷರತ್ತಿದೆ. ವಿಎಸ್ ಕೋಡ್‌ನ ಮುಕ್ತ ಕೋಡ್ ತೆಗೆದುಕೊಂಡೇ ಕರ್ಸರ್ ಎಂಬ ಎಐ ಎಡಿಟರ್ ಕಟ್ಟಿದ್ದಾರೆ. 2025ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನ ಸಿ ಪ್ಲಸ್ ಪ್ಲಸ್ ಎಕ್ಸ್‌ಟೆನ್ಷನ್ ಅದರಲ್ಲಿ ಕೆಲಸ ಮಾಡುವುದು ನಿಂತಾಗ ಎಷ್ಟೋ ಜನಕ್ಕೆ ಈ ಷರತ್ತು ಮೊದಲ ಸಲ ಗೊತ್ತಾಯಿತು. ಆಟಮ್ ಎಡಿಟರ್ ನೆನಪಿದೆಯಾ? ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್ ಅದನ್ನು 2014ರಲ್ಲಿ ತಂದಿತು. ಬ್ರೌಸರ್ ತಳಹದಿಯ ಮೇಲೆ ಎಡಿಟರ್ ಕಟ್ಟುವ ದಾರಿಯನ್ನು ತೋರಿಸಿದವುಗಳಲ್ಲಿ ಅದೂ ಒಂದು. 2018ರಲ್ಲಿ ಗಿಟ್‌ಹಬ್ ಮೈಕ್ರೋಸಾಫ್ಟ್‌ಗೆ ಸೇರಿತು, 2022ರ ಡಿಸೆಂಬರ್ 15ರಂದು ಆಟಮ್ ಮುಚ್ಚಿತು. ಅದರಲ್ಲಿ ಪಳಗಿದ ಕೈಗಳು ಹೊಸದಾಗಿ ಕಲಿಯಬೇಕಾಯಿತು. ವಿಮ್ ಕರ್ತೃ ಮೊಲೆನಾರ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ವಿಮ್ ಇಷ್ಟವಾದರೆ ಉಗಾಂಡದ ಮಕ್ಕಳಿಗೆ ನೆರವು ಕೊಡಿ ಅಂತ ಕೇಳಿದ ದೊಡ್ಡ ಮನಸ್ಸಿನವರು. ಅವರ ನಂತರ ಸ್ವಯಂಸೇವಕರು ಕೆಲಸ ಮುಂದುವರಿಸಿದರು, ಯಾರ ಬೆರಳೂ ನಿಲ್ಲಲಿಲ್ಲ. ಹೊಸ ಎಡಿಟರ್ ಹಿಡಿಯುವ ಮುನ್ನ ನಾನು ಈಗ ಈ ಎರಡು ಘಟನೆಗಳನ್ನು ನೆನೆಯುತ್ತೇನೆ.

ಎಐ ಎಡಿಟರ್‌ಗಳ ವಾದ ಒಂದೇ: ವೇಗ. ಎಡಿಟರ್ ಒಳಗೆ ಕೋಡ್ ಸೂಚಿಸುವ ಗಿಟ್‌ಹಬ್ ಕೋಪೈಲಟ್ 2021ರಲ್ಲಿ ಬಂದಾಗಿನಿಂದ ಇದನ್ನೇ ಕೇಳುತ್ತಿದ್ದೇವೆ. ವಿಮ್‌ನವರೂ ಇದನ್ನೇ ಹೇಳುತ್ತಿದ್ದರು ಅಲ್ವಾ, "ನನ್ನ ಎಡಿಟರ್‌ನಲ್ಲಿ ನಾನು ವೇಗ" ಅಂತ. ನಮ್ಮ ವೇಗವನ್ನು ನಾವೇ ಅಳೆಯುವುದು ಎಷ್ಟು ನಂಬಿಕೆಗೆ ಅರ್ಹ? ಮೆಟರ್ ಎಂಬ ಸಂಸ್ಥೆ 2025ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ತಮಗೆ ಚೆನ್ನಾಗಿ ಗೊತ್ತಿರುವ ಮುಕ್ತ ತಂತ್ರಾಂಶಗಳ ಮೇಲೆ 16 ಅನುಭವಿ ಪ್ರೋಗ್ರಾಮರ್‌ಗಳು 246 ಕೆಲಸಗಳನ್ನು ಮಾಡಿದರು. ಎಐ ಬಳಸಲು ಬಿಟ್ಟ ಕೆಲಸಗಳಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಮುಗಿದ ಮೇಲೆ ಕೇಳಿದರೆ, ಎಐನಿಂದ ಶೇ. 20ರಷ್ಟು ವೇಗ ಹೆಚ್ಚಿತು ಅಂತ ಅವರು ನಂಬಿದ್ದರು. ಇದು 16 ಜನರ ಪ್ರಯೋಗ, ಆಗಿನ ಉಪಕರಣಗಳದ್ದು. ಎಐ ಉಪಯೋಗವಿಲ್ಲ ಅಂತ ಇದರಿಂದ ಹೇಳಲು ಬರುವುದಿಲ್ಲ, ನಾನೂ ದಿನವೂ ಬಳಸುತ್ತೇನೆ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಎರಡು ಅಂಕಿಗಳ ನಡುವಿನ ಅಂತರ. ಸಲೀಸಾಗಿ ಅನಿಸುವುದಕ್ಕೂ ಬೇಗ ಮುಗಿಯುವುದಕ್ಕೂ ಅಷ್ಟು ದೂರ ಇರಬಹುದಾದರೆ, ವೇಗದ ಹೆಸರಿನಲ್ಲಿ ಇನ್ನೊಬ್ಬರ ಎಡಿಟರ್ ಬದಲಿಸುವ ಹಕ್ಕು ನಮಗೆಲ್ಲಿದೆ?

ಎಐ ಬಂದ ಮೇಲೆ ಕೆಲಸದ ಸ್ವರೂಪವೇ ಬದಲಾಗುತ್ತಿರುವುದು ಇನ್ನೊಂದು ವಿಷಯ. ಬರೆಯುವುದು ಕಡಿಮೆಯಾಗಿ ಓದುವುದು ಜಾಸ್ತಿಯಾಗಿದೆ. ಯಂತ್ರ ಕೊಟ್ಟ ಬದಲಾವಣೆಯನ್ನು ಸಾಲು ಸಾಲಾಗಿ ನೋಡಿ ಒಪ್ಪಬೇಕು ಅಥವಾ ಬಿಡಬೇಕು. ಅಲ್ಲಿ ಒಬ್ಬರಿಗೆ ದೊಡ್ಡ ಅಕ್ಷರ, ಬಿಳಿ ಹಿನ್ನೆಲೆ ಬೇಕು, ಇನ್ನೊಬ್ಬರಿಗೆ ಕಪ್ಪು ಪರದೆ. ಕೆಲವು ಎಐ ಸಾಧನಗಳು ಈಗ ಟರ್ಮಿನಲ್‌ನಲ್ಲೇ ಓಡುತ್ತವೆ, ಎಡಿಟರ್ ಯಾವುದಿದ್ದರೂ ಅವಕ್ಕೆ ನಡೆಯುತ್ತದೆ. ಇದು ಒಳ್ಳೆಯ ಬೆಳವಣಿಗೆ ಅಂತ ನನಗೆ ಅನಿಸುತ್ತದೆ.

ಹಿಂದೆ ನಾನಿದ್ದ ಒಂದು ತಂಡದಲ್ಲಿ ಎಲ್ಲರೂ ಒಂದೇ ಎಡಿಟರ್‌ಗೆ ಬರಬೇಕು ಅಂತ ಮೇಲಿನಿಂದ ಆದೇಶ ಬಂತು. ಕಾರಣ ಕೆಟ್ಟದ್ದೇನೂ ಇರಲಿಲ್ಲ. ಎಲ್ಲಿಂದಲೋ ಬಂದ ಎಕ್ಸ್‌ಟೆನ್ಷನ್ ಕಂಪನಿಯ ಕೋಡ್ ಓದಬಾರದು, ಸುರಕ್ಷತೆ ಬೇಕು. ಆ ಕಾಳಜಿ ಸರಿ. ಆದರೆ 20 ವರ್ಷ ಈಮ್ಯಾಕ್ಸ್‌ನಲ್ಲಿ ಪಳಗಿದ್ದ ಹಿರಿಯರೊಬ್ಬರು ಆ ಎರಡು ತಿಂಗಳು ಎಷ್ಟು ಕುಗ್ಗಿದ್ದರು ಅಂತ ನಾನು ಪಕ್ಕದಲ್ಲೇ ಕೂತು ನೋಡಿದೆ. ಯಾವ ಪ್ರಶ್ನೆ ಕೇಳಿದರೂ ಉತ್ತರ ಗೊತ್ತಿದ್ದ ಮನುಷ್ಯ, ಫೈಲ್ ತೆರೆಯಲು ಕಿರಿಯರನ್ನು ಕೇಳುವಂತಾಗಿತ್ತು. ಯಾವ ಎಕ್ಸ್‌ಟೆನ್ಷನ್‌ಗೆ ಒಪ್ಪಿಗೆ ಇದೆ ಅಂತ ಪಟ್ಟಿ ಮಾಡಿದ್ದರೆ ಸಾಕಿತ್ತು.

ತಂಡದಲ್ಲಿ ಒಂದೇ ಥರ ಇರಬೇಕಾದದ್ದು ಹೊರಗೆ ಬರುವ ಕೋಡ್. ಅದಕ್ಕೆ ದಾರಿಗಳಿವೆ. ಗೋ ಭಾಷೆಯಲ್ಲಿ ಎಲ್ಲರ ಕೋಡನ್ನೂ ಒಂದೇ ರೂಪಕ್ಕೆ ತರುವ ಫಾರ್ಮ್ಯಾಟರ್, ಗೋಫಮ್ಟ್ ಇದೆ, ಟ್ಯಾಬ್ ಇಡಬೇಕಾ ಸ್ಪೇಸ್ ಇಡಬೇಕಾ ಅನ್ನುವ ಜಗಳವೇ ಅಲ್ಲಿಲ್ಲ. ಪೈಥಾನ್‌ಗೆ ನಾಲ್ಕು ಸ್ಪೇಸ್ ಅಂತ ಒಪ್ಪಿತ ಪದ್ಧತಿ ಇದೆ. ಎಡಿಟರ್‌ಕಾನ್ಫಿಗ್ ಎಂಬ ಪುಟ್ಟ ಫೈಲನ್ನು ಪ್ರಾಜೆಕ್ಟ್ ಒಳಗೆ ಇಟ್ಟರೆ ಬಹುತೇಕ ಎಡಿಟರ್‌ಗಳು, ಕೆಲವು ನೇರವಾಗಿ, ಕೆಲವು ಪ್ಲಗಿನ್ ಮೂಲಕ, ಅದನ್ನು ಓದಿ ಅದರಂತೆ ನಡೆಯುತ್ತವೆ. ಫಾರ್ಮ್ಯಾಟರ್, ಟೆಸ್ಟ್‌ಗಳು ಕೋಡ್ ಸೇರಿಸುವ ಮೊದಲು ತಾವಾಗಿ ಓಡಲಿ. ಈಗಿನ ನಮ್ಮ ತಂಡದಲ್ಲಿ ಇಷ್ಟನ್ನು ಗಟ್ಟಿ ಮಾಡಿ ಉಳಿದದ್ದನ್ನು ಅವರವರ ಕೈಗೆ ಬಿಟ್ಟಿದ್ದೇವೆ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ದಿನ ಕೇಳಿದಳು: "ಸರ್, ಯಾವ ಎಡಿಟರ್ ಹಾಕ್ಕೊಳ್ಲಿ?"

"ಇಷ್ಟು ದಿನ ಯಾವುದು ಬಳಸ್ತಿದ್ರಿ?" ಅಂದೆ.

"ನೋಟ್‌ಪ್ಯಾಡ್ ಪ್ಲಸ್ ಪ್ಲಸ್" ಅಂದಳು, ಸ್ವಲ್ಪ ಸಂಕೋಚದಿಂದ.

"ಅದನ್ನೇ ಹಾಕ್ಕೊಳ್ಳಿ. ಫಾರ್ಮ್ಯಾಟರ್ ಮಾತ್ರ ತಪ್ಪಿಸ್ಬೇಡಿ."

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಮೊದಲ ಬದಲಾವಣೆ ಪರಿಶೀಲನೆಗೆ ಬಂದಿತ್ತು. ಈಮ್ಯಾಕ್ಸ್ ಬಳಸುವ ಗೆಳೆಯ ಅದನ್ನು ಓದಿ ಒಪ್ಪಿದ.